ಬಳೆ ತೊಟ್ಟ ಎಳ್ಳು

ಮಹಡಿ ಕೋಣೆಯಿಂದ,
ಹದಿನಾಲ್ಕನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ತಾತಾ,

ಎರಡು ವರ್ಷದ ಹಿಂದೆ ಈ ಮಹಡಿಯ ಮೇಲೆ ನಾನು ನಿನಗೆ ತೋರಿಸಿದ್ದು ಶನಿಗ್ರಹ ಅಲ್ಲ. ಮೊದಲು ಇದನ್ನು ಹೇಳದಿದ್ದರೆ ಮುಂದಿನ ಸಾಲು ಬರೆಯಲು ಆಗುತ್ತಿರಲಿಲ್ಲ. ಇನ್ನು ಕೇಳುತ್ತೇನೆ, ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತಾ? ಬಲಗಣ್ಣು ಪೂರ್ತಿ ಹೋಯಿತು, ಎಡಗಣ್ಣಿನ ನಡುವಿನ ಮಸುಕು ಹರಡುತ್ತಿದೆ, ಇನ್ನು ಔಷಧಿ ಇಲ್ಲ ಎಂದು ಡಾಕ್ಟರು ಹೇಳಿದ್ದನ್ನು ಅತ್ತೆ ಫೋನಿನಲ್ಲಿ ತಿಳಿಸಿದಳು. ಎದುರಿಗೆ ಬಂದವರ ಕಿವಿ ಮಾತ್ರ ಕಾಣುತ್ತದೆ, ಮೂಗು ಕಾಣುವುದಿಲ್ಲ, ಈ ಮನೆಯವರ ಮೂಗಿಗೆ ಅದೇ ಒಳ್ಳೆಯದು ಎಂದು ನಗಾಡುತ್ತೀಯಂತೆ. ಅತ್ತೇ, ಇದನ್ನು ಓದಿ ಹೇಳುವವಳು ನೀನೇ. ಒಂದು ಸಾಲೂ ಹಾರಿಸಬೇಡ.

ಅವತ್ತು ನಾನೂ ಅದನ್ನು ಶನಿ ಎಂದೇ ನಂಬಿದ್ದೆ ತಾತಾ. ಸಂತೆಯಲ್ಲಿ ಕೊಂಡ ಆ ಹಳೆಯ ಟೆಲಿಸ್ಕೋಪಿನ ಸ್ಟ್ಯಾಂಡು ಕುಂಟುತ್ತಿತ್ತು, ನೀನು ಅದು ಅಲುಗದಂತೆ ಮೊಣಕಾಲು ಆನಿಸಿ ನಿಂತಿದ್ದೆ. ನಡುವೆ ಕಪ್ಪು, ಸುತ್ತ ಬೆಳಕಿನ ದೊಡ್ಡ ಬಳೆ. "ಜೀವನಪೂರ್ತಿ ಶನಿ ನನ್ನನ್ನ ನೋಡಿದ್ದಾಯ್ತು, ಇವತ್ತು ನಾನು ಅವನನ್ನ ನೋಡಿದೆ ಬಿಡು" ಎಂದು ನೀನು ಅಂದೆ. ಮಾರನೆಯ ದಿನ ನಿನ್ನ ಟೈಲರ್ ಅಂಗಡಿಗೆ ಬಂದವರಿಗೆಲ್ಲ ಅಳತೆ ತೆಗೆಯುವ ಮೊದಲು ಅದನ್ನೇ ಹೇಳಿದೆ. ಶಾಲೆ ಬಿಟ್ಟ ಮೊಮ್ಮಗ ಆಕಾಶ ಹತ್ತಿದ ಅಂದೆ. ಒಂದು ತಿಂಗಳಾದ ಮೇಲೆ ನನಗೆ ಗೊತ್ತಾಯಿತು. ಅದು ಯಾವುದೋ ನಕ್ಷತ್ರ. ಫೋಕಸ್ ತಪ್ಪಿದರೆ ಈ ಬಗೆಯ ಟೆಲಿಸ್ಕೋಪಿನಲ್ಲಿ ಯಾವ ನಕ್ಷತ್ರವೂ ಹಾಗೇ ಬಳೆಯಾಗಿ ಕಾಣುತ್ತದೆ, ನಡುವಿನ ಕಪ್ಪು ಒಳಗಿನ ಚಿಕ್ಕ ಕನ್ನಡಿಯ ನೆರಳು. ಗೊತ್ತಿಲ್ಲದ ಪ್ರಶ್ನೆಗೆಲ್ಲ ಉತ್ತರಪತ್ರಿಕೆಯಲ್ಲಿ "ಗೊತ್ತಿಲ್ಲ" ಎಂದು ಬರೆದು ಎದ್ದು ಬಂದ ನಾನು, ನಿನ್ನ ಮುಂದೆ ಮಾತ್ರ ಬಾಯಿಗೆ ಹೊಲಿಗೆ ಹಾಕಿಕೊಂಡೆ.

ಹೋದ ತಿಂಗಳು ನೀನು ಫೋನಿನಲ್ಲಿ, "ಪೂರ್ತಿ ಕತ್ತಲಾಗೋದ್ರೊಳಗೆ ಇನ್ನೊಂದ್ಸಲ ಆ ಬಳೆ ತೋರಿಸೋ" ಅಂದಾಗಿನಿಂದ ನನಗೆ ನಿಂತಲ್ಲಿ ನಿಲ್ಲಲು ಆಗುತ್ತಿಲ್ಲ. ಈ ಸಲ ನಿಜವಾದದ್ದನ್ನೇ ತೋರಿಸಬೇಕೆಂದು ಹೊರಟೆ. ಕಣ್ಣಿಡುವ ಕಡೆ ಸಿಕ್ಕಿಸಲು, ಡಬ್ಬದ ಮೇಲೆ ಎಲ್ಲಕ್ಕಿಂತ ಹೆಚ್ಚು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂದಿದ್ದ ಮಸೂರ ತಂದೆ. ದೊಡ್ಡದಾಗಿ ತೋರಿಸುವುದೇ ಒಳ್ಳೆಯದು ಎಂದು ದಡ್ಡನ ಲೆಕ್ಕ. ಶನಿ ದೊಡ್ಡದೇನೋ ಆಯಿತು, ಆದರೆ ಮಂಕಾಗಿ, ಜ್ವರ ಬಂದವನ ಹಾಗೆ ನಡುಗುತ್ತ ಒಂದು ಕ್ಷಣದಲ್ಲಿ ಓಡಿಹೋಯಿತು. ಹಾಗಾದರೆ ಟೆಲಿಸ್ಕೋಪನ್ನೇ ಬದಲಿಸಿ ದೊಡ್ಡದನ್ನು ತರೋಣವೆಂದು ಕ್ಯಾಮೆರಾ ರಿಪೇರಿಯವರ ಹತ್ತಿರ ಹೋದೆ. ಅವರು ನನ್ನದನ್ನು ಮೇಜಿನ ಮೇಲಿಟ್ಟು ಬೆರಳಿನಿಂದ ಒಮ್ಮೆ ತಟ್ಟಿ, ಅದು ಅಲುಗಾಡಿ ನಿಲ್ಲುವವರೆಗೆ ಬೇಕೆಂದೇ ಚಹಾ ಕುಡಿದರು. ಆಮೇಲೆ, "ಕಾಲು ಕುಂಟೋನಿಗೆ ಕನ್ನಡಕ ಕೊಡಿಸ್ತಾ ಇದೀಯಲ್ಲೋ" ಅಂದರು. ಹೊಸದೇನೂ ಬೇಡ, ಕನ್ನಡಿ ಚೆನ್ನಾಗಿದೆ, ಮೊದಲು ಅಲುಗಾಡದ ಪೀಠ ಮಾಡಿಕೋ, ಆಮೇಲೆ ಮಧ್ಯಮ ಅಳತೆಯ ಒಂದೇ ಒಂದು ಒಳ್ಳೆಯ ಮಸೂರ ತಗೋ ಎಂದರು.

ನಾನು ಕೆಲಸಕ್ಕಿರುವ ಮರಗೆಲಸದ ಶೆಡ್ಡಿನಲ್ಲಿ ಉಳಿದ ಪ್ಲೈವುಡ್ಡಿನಿಂದ ಪೆಟ್ಟಿಗೆಯಂಥ ಪೀಠ ಮಾಡಿದೆ. ಮೇಸ್ತ್ರಿ ಅದನ್ನು ನೋಡಿ ಇದು ನಕ್ಷತ್ರಕ್ಕೋ ಕೋಳಿಗೋ ಎಂದು ಕೇಳಿದರು. ಆದರೆ ಅಲುಗಾಡುವುದಿಲ್ಲ. ರಿಪೇರಿಯವರು ಹೇಳಿದ ಮಸೂರವನ್ನೂ ತಂದೆ. ಮೊನ್ನೆ ಕತ್ತಲು ಕವಿಯುವ ಹೊತ್ತಿಗೆ ನಿಜವಾದ ಶನಿ ಸಿಕ್ಕಿತು ತಾತಾ. ಎಳ್ಳಿನಷ್ಟು. ಬಳೆ ತೊಟ್ಟ ಎಳ್ಳು. ಅಷ್ಟು ಚಿಕ್ಕದು, ಅಷ್ಟು ಚೊಕ್ಕ. ನಾನು ಕುಣಿದಾಡಬೇಕಿತ್ತು. ಕುಣಿಯಲಿಲ್ಲ.

ಯಾಕೆಂದರೆ ಮರದ ಧೂಳಿಗೆ ಹಾಕಿಕೊಳ್ಳುವ ಕನ್ನಡಕದ ನಡುವೆ ಗ್ರೀಸ್ ಸವರಿಕೊಂಡು, ಅತ್ತೆ ಹೇಳಿದ ಆ ಮಸುಕಿನ ಹಾಗೆ ನನ್ನ ಕಣ್ಣನ್ನು ನಿನ್ನ ಕಣ್ಣು ಮಾಡಿಕೊಂಡು ನೋಡಿದೆ. ಏನೂ ಇಲ್ಲ. ಮಸುಕಾದದ್ದನ್ನು ನೇರ ನೋಡಬಾರದು, ಓರೆಗಣ್ಣಿನಲ್ಲಿ ನೋಡಬೇಕೆಂದು ರಿಪೇರಿಯವರು ಕಲಿಸಿದ್ದರು. ಹಾಗೂ ನೋಡಿದೆ. ಅಂಚಿನಲ್ಲಿ ಒಂದು ಚುಕ್ಕೆ ಬೆಳಕು ಕಂಡಿತು, ಬಳೆ ಕಾಣಲಿಲ್ಲ. ಮಾಡಿದ ಖರ್ಚು, ಕೊಯ್ದ ಮರ ಎಲ್ಲ ನನ್ನ ಕಣ್ಣಿಗೇ ಬಂತು, ನಿನಗೇನೂ ಬರಲಿಲ್ಲ. ಎರಡು ವರ್ಷದ ಹಿಂದೆ ನಿನಗೆ ಸೂಜಿಗೆ ದಾರ ಪೋಣಿಸುವ ಕಣ್ಣಿತ್ತು. ನಾನು ಆಗಲೇ ಬಾಯಿ ಬಿಟ್ಟಿದ್ದರೆ ನೀನು ನಿಜವಾದದ್ದನ್ನು ನೋಡುತ್ತಿದ್ದೆ. ಹೊಲಿಗೆ ತಪ್ಪಿದ್ದು ಕಂಡರೆ ಅದನ್ನು ಬಿಚ್ಚದೆ ನೀನು ಊಟಕ್ಕೆ ಏಳುತ್ತಿರಲಿಲ್ಲ. ನಾನು ಎರಡು ವರ್ಷ ಉಂಡೆ.

ಮಾತ್ರೆ ತಪ್ಪಿಸಬೇಡ. ಮೆಟ್ಟಿಲ ಹತ್ತಿರ ಒಬ್ಬನೇ ಹೋಗಬೇಡ. ಅತ್ತೆಗೆ ನನ್ನ ನಮಸ್ಕಾರ. ನಿನ್ನ ಪಾದ ಮುಟ್ಟಿದ್ದೇನೆ ಎಂದುಕೋ, ಬೈದಾದ ಮೇಲೆ ಆಶೀರ್ವಾದ ಮಾಡು.

ನಿನ್ನ,
ಶಾಲೆ ಬಿಟ್ಟ ಮೊಮ್ಮಗ

ಮರೆತಿದ್ದೆ: ಫೋಕಸ್ ತಪ್ಪಿಸಿದರೆ ಆ ಹಳೆಯ ದೊಡ್ಡ ಬಳೆ ಈಗಲೂ ಬರುತ್ತದೆ. ಗ್ರೀಸ್ ಸವರಿದ ಕನ್ನಡಕದಲ್ಲೂ ಅದರ ಒಂದು ಅಂಚು ಕಂಡಿತು. ನಿನ್ನ ಕಣ್ಣಿಗೆ ಕಾಣುವುದಿದ್ದರೆ ಅದೊಂದೇ. ನೀನು ಕೇಳಿದರೆ ತೋರಿಸುತ್ತೇನೆ, ಆದರೆ ಅದನ್ನು ಶನಿ ಎನ್ನುವುದಿಲ್ಲ. ನಾನು ಬಂದು ಎದುರಿಗೆ ನಿಲ್ಲುವ ಮೊದಲೇ ನಿನಗೆ ಇದೆಲ್ಲ ತಿಳಿದಿರಲಿ ಎಂದು ಈ ಕಾಗದವನ್ನು ಇವತ್ತಿನ ಸಂಜೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಡುತ್ತಿದ್ದೇನೆ. ಪೀಠ ಬಿಚ್ಚಿ ಹಗ್ಗ ಕಟ್ಟಿ ಇಟ್ಟಿದ್ದೇನೆ. ನಾಳೆ ಬೆಳಗ್ಗೆ ಹೊರಡುತ್ತೇನೆ.