ಹನ್ನೊಂದನೇ ನಂಬರಿನ ಹಾಜರಿ

ಬುಧವಾರ, ಬೆಳಿಗ್ಗೆ ಆರೂವರೆ
ವಸತಿಗೃಹದ ಊಟದ ಕೋಣೆ

ಪ್ರೀತಿಯ ಅಕ್ಕನಿಗೆ,

ಮೊದಲು ಮುಖ್ಯ ಸುದ್ದಿ: ನಿನ್ನ ಮಗಳು ಕ್ಷೇಮ. ಮೇಲಿನ ಮಹಡಿಯಲ್ಲಿ ಗೊರಕೆ ಹೊಡೆಯುತ್ತಿದ್ದಾಳೆ, ನಾನೇ ಬಾಗಿಲಿಗೆ ಕಿವಿಗೊಟ್ಟು ಕೇಳಿ ಬಂದೆ. ಇದನ್ನು ಮೊದಲೇ ಹೇಳುತ್ತಿರುವುದು ಯಾಕೆಂದರೆ ಮುಂದೆ ಓದುವಾಗ ನಿನಗೆ ಎರಡು ಮೂರು ಕಡೆ ಅನುಮಾನ ಬರುತ್ತದೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಒಂದು ವಾಕ್ಯ ಮುಗಿಸುವುದರೊಳಗೆ ನೀನು ನಾಲ್ಕು ಪ್ರಶ್ನೆ ಕೇಳುತ್ತೀ, ಐದನೆಯದಕ್ಕೆ ಅಳುತ್ತೀ. ಅದಕ್ಕೇ ಬರೆದು, ಫೋಟೋ ತೆಗೆದು ಕಳಿಸುತ್ತಿದ್ದೇನೆ. ವಿಷಯ ಇಷ್ಟು: ನಾವೆಲ್ಲ ಶುಕ್ರವಾರ ವಾಪಸು ಹೊರಟರೂ ನಿನ್ನ ಮಗಳು, ನಮ್ಮ ಮೆಣಸು, ಇನ್ನು ಮೂರು ತಿಂಗಳು ಇಲ್ಲೇ ಉಳಿಯಬೇಕು ಎನ್ನುತ್ತಿದ್ದಾಳೆ. ಅದಕ್ಕೆ ನಿನ್ನ ಒಪ್ಪಿಗೆ ಬೇಕು. ಬೇಡ ಎನ್ನುವ ಮೊದಲು ಸೋಮವಾರ ಏನಾಯಿತೆಂದು ಪೂರ್ತಿ ಓದು.

ಹದಿನೆಂಟು ಸಿವಿಲ್ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ನಾನು ವಿಮಾನ ಹತ್ತಲು ಹೊರಟಾಗ ನೀನು ಅಂದದ್ದು ಮರೆತಿಲ್ಲ: "ಕೊಳಚೆ ನೀರು ನೋಡೋಕೆ ಸಮುದ್ರ ದಾಟ್ಬೇಕೇನೇ? ನಮ್ಮ ಹಿತ್ತಲ ಮೋರಿಗೇನು ಕಮ್ಮಿ ಆಗಿತ್ತು?" ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ನೀನು ಜೊತೇಲಿದ್ದೀಯಲ್ಲ ಅಂತ ಕಳಿಸ್ತಿದ್ದೀನಿ. ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋ" ಅಂದೆ. ಹಾಗೇ ನೋಡಿಕೊಂಡೆ. ಸೋಮವಾರದ ಒಂದು ಮೂರು ಗಂಟೆ ಹತ್ತು ನಿಮಿಷದ ಹೊತ್ತು ಬಿಟ್ಟು.

ಅಂದು ಬೆಳಿಗ್ಗೆ ಊರ ಹೊರಗಿನ ಕೊಳಚೆ ನೀರು ಶುದ್ಧೀಕರಣ ಘಟಕಕ್ಕೆ ಹೋಗಿದ್ದೆವು. ಮೂಗಿಗೆ ಕಷ್ಟ, ಉಳಿದಂತೆ ಎಲ್ಲ ಅಚ್ಚುಕಟ್ಟು. ಎರಡು ಕೈಯಿಂದಲೂ ಮಾತಾಡುವ ಒಬ್ಬ ಎಂಜಿನಿಯರ್ ನಮ್ಮನ್ನು ತೊಟ್ಟಿಯಿಂದ ತೊಟ್ಟಿಗೆ ಓಡಾಡಿಸಿದ. ಹನ್ನೊಂದು ಗಂಟೆಗೆ ಬಸ್ ಹತ್ತಿದೆವು. ನಾನು ಪುಸ್ತಕ ತೆರೆದು ಹಾಜರಿ ಕರೆದೆ. ಒಂದರಿಂದ ಹದಿನೆಂಟರವರೆಗೆ ಹದಿನೆಂಟು "ಎಸ್ ಮೇಡಂ" ಬಂದವು. ಹದಿನೆಂಟು ಗುರುತು ಹಾಕಿದೆ. ಬಸ್ ಹೊರಟಿತು.

ಮಧ್ಯಾಹ್ನ ಒಂದಕ್ಕೆ, ನಲವತ್ತು ನಿಮಿಷ ದೂರದ ಪಂಪ್‌ಹೌಸಿನ ಅಂಗಳದಲ್ಲಿ ಊಟದ ಪೊಟ್ಟಣ ಹಂಚಿದೆವು. ಒಂದು ಪೊಟ್ಟಣ ಉಳಿಯಿತು. ಅಕ್ಕಾ, ಕಾಲೇಜು ಮಕ್ಕಳ ನಡುವೆ ಒಂದು ಪೊಟ್ಟಣ ಉಳಿದಿದೆ ಎಂದರೆ ಒಂದೋ ಅದು ಹಳಸಿರಬೇಕು, ಇಲ್ಲವೇ ತಿನ್ನುವವರು ಇಲ್ಲದಿರಬೇಕು. ನಾನು ಮೂಸಿ ನೋಡಿದೆ. ಹಳಸಿರಲಿಲ್ಲ.

ಆಗ ತಲೆ ಎಣಿಸಿದೆ. ಹದಿನೇಳು. ನನ್ನ ಜೊತೆ ಬಂದಿರುವ ಡ್ರಾಯಿಂಗ್ ಮೇಷ್ಟ್ರು ಎಣಿಸಿದರು. ಹದಿನೆಂಟು. ಜೀವ ಬಂತು ಅನ್ನುವಷ್ಟರಲ್ಲಿ, ಅವರು ನನ್ನನ್ನೂ ಸೇರಿಸಿ ಎಣಿಸಿದ್ದಾರೆಂದು ಗೊತ್ತಾಯಿತು. ಇಲ್ಲದ ನಂಬರು ಹನ್ನೊಂದು. ಹನ್ನೊಂದು ಯಾರೆಂದು ನಿನಗೆ ಗೊತ್ತು, ಅವಳ ಪರೀಕ್ಷೆಯ ಹಾಲ್ ಟಿಕೆಟ್ಟಿಗೆ ಅರಿಶಿನ ಕುಂಕುಮ ಹಚ್ಚುವವಳು ನೀನೇ.

ಫೋನ್ ಮಾಡಿದೆ. ಮೆಣಸಿನ ಫೋನು ಅವಳ ಗೆಳತಿ ಕನ್ನಡಕದ ಹುಡುಗಿಯ ಚೀಲದಲ್ಲಿ ರಿಂಗಾಯಿತು. ಘಟಕದೊಳಗೆ ಫೋನ್ ಒಯ್ಯುವಂತಿರಲಿಲ್ಲ, ಗೇಟಿನಲ್ಲಿ ವಾಪಸು ಕೊಟ್ಟಾಗ ಇವಳೇ ಎರಡನ್ನೂ ಇಸಿದುಕೊಂಡಿದ್ದಳಂತೆ.

"ಹಾಗಾದ್ರೆ ಬಸ್ಸಲ್ಲಿ ಹನ್ನೊಂದಕ್ಕೆ ಎಸ್ ಅಂದದ್ದು ಯಾರೇ?" ಅಂದೆ.

"ನಾನೇ ಮೇಡಂ. ಅವಳು ಹಿಂದಿನ ಸೀಟಲ್ಲಿ ಕೂತಿದ್ದಾಳೆ ಅಂದ್ಕೊಂಡಿದ್ದೆ. ಬೇಕೂಂತ ಅನ್ಲಿಲ್ಲ, ಅಭ್ಯಾಸ. ಆ ನಂಬರ್ ಕಿವಿಗೆ ಬಿದ್ರೆ ಬಾಯಿ ತಾನಾಗೇ ಅನ್ನತ್ತೆ."

"ಎಷ್ಟು ದಿನದ ಅಭ್ಯಾಸ?"

"ಮೂರನೇ ಸೆಮಿಸ್ಟರಿಂದ ಮೇಡಂ. ನಿಮ್ಮ ಬೆಳಗಿನ ಕ್ಲಾಸು ಮಾತ್ರ. ಬೇರೆಯೋರು ತಲೆ ಎತ್ತಿ ನೋಡ್ತಾರೆ."

ಹಿಂದೆ ಯಾರೋ ಕಿಸಕ್ಕೆಂದರು. ಡ್ರಾಯಿಂಗ್ ಮೇಷ್ಟ್ರು ಆಕಾಶ ನೋಡಿದರು. ಹತ್ತೊಂಬತ್ತು ವರ್ಷ ಹಾಜರಿ ಕರೆದಿದ್ದೇನೆ ಅಕ್ಕಾ, ಪುಸ್ತಕದಿಂದ ಕತ್ತೆತ್ತಿದ್ದು ನೆನಪಿಲ್ಲ. ನಿನ್ನ ಮಗಳು ನನ್ನ ಒಂದು ಕ್ಲಾಸೂ ತಪ್ಪಿಸಿಲ್ಲ ಎಂದು ನಾನು ನಿನಗೆ ಪ್ರತಿ ವರ್ಷ ಹೇಳುತ್ತಿದ್ದೆನಲ್ಲ, ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಉಳಿದವರನ್ನು ಮೇಷ್ಟ್ರಿಗೆ ಒಪ್ಪಿಸಿ ಟ್ಯಾಕ್ಸಿ ಹಿಡಿದೆ. ಗಾಬರಿಯಲ್ಲಿ ವಿಳಾಸದ ಕಾಗದವನ್ನು ಬಸ್ಸಿನಲ್ಲೇ ಬಿಟ್ಟಿದ್ದೆ. ಚಾಲಕನಿಗೆ ನನ್ನ ಭಾಷೆ ಬಾರದು, ನನಗೆ ಅವನದು ಬಾರದು. ಮೂಗು ಮುಚ್ಚಿ, ನೀರು ಹರಿಯುವಂತೆ ಕೈ ಆಡಿಸಿ ತೋರಿಸಿದೆ. ಅವನು ತುಂಬ ಮರುಕದಿಂದ ತಲೆಯಾಡಿಸಿ, ಜೋರಾಗಿ ಓಡಿಸಿ, ಸಾರ್ವಜನಿಕ ಶೌಚಾಲಯದ ಮುಂದೆ ನಿಲ್ಲಿಸಿ ಬಾಗಿಲು ತೆಗೆದ. ಕೊನೆಗೆ ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಶಾಲಾ ಮೇಡಂ ಇಂಗ್ಲಿಷ್ ಬಲ್ಲವರು ಸಿಕ್ಕಿ ಬಿಡಿಸಿ ಹೇಳಿದರು. ಅಲ್ಲಿಂದ ಘಟಕದವರೆಗೂ ನಾನು ನಿನ್ನ ಮುಖವನ್ನೇ ನೆನೆಯುತ್ತಿದ್ದೆ. ಹಾಳಾದ ಯೋಚನೆಗಳು ಬಂದವು, ಇಲ್ಲಿ ಬರೆಯುವುದಿಲ್ಲ. ತೊಟ್ಟಿಗಳು ಹದಿನಾಲ್ಕು ಅಡಿ ಆಳ ಎಂದು ಆ ಎಂಜಿನಿಯರ್ ಬೆಳಿಗ್ಗೆ ಎರಡು ಸಲ ಹೇಳಿದ್ದ, ಅಷ್ಟು ಸಾಕು.

ಗೇಟಿನ ಕಾವಲುಗಾರ ನನ್ನನ್ನು ಕಂಡವನೇ ತನ್ನ ಪುಸ್ತಕ ಮುಂದೆ ಹಿಡಿದ. ಒಳಗೆ ಹೋದವರು ಇಪ್ಪತ್ತು, ಹೊರಗೆ ಬಂದವರು ಹತ್ತೊಂಬತ್ತು ಎಂದು ಬರೆದಿತ್ತು. ಹತ್ತೊಂಬತ್ತರ ಕೆಳಗೆ ಎರಡು ಗೆರೆ. ಬಸ್ಸಿನ ಹಿಂದೆ ಕೈಬೀಸುತ್ತಾ ಓಡಿದನಂತೆ. ನಮ್ಮ ಮಕ್ಕಳು ಟಾಟಾ ಮಾಡುತ್ತಿದ್ದಾನೆಂದು ತಿಳಿದು ತಿರುಗಿ ಟಾಟಾ ಮಾಡಿದರಂತೆ.

ಮೆಣಸು ಪ್ರಯೋಗಶಾಲೆಯಲ್ಲಿದ್ದಳು. ಯಾರದೋ ಬಿಳಿ ಕೋಟು, ತೋಳು ನಾಲ್ಕು ಮಡಿಕೆ. ಎದುರಿಗೆ ಅರವತ್ತು ದಾಟಿದ ಹೆಂಗಸು, ಪ್ರಯೋಗಶಾಲೆಯ ಮುಖ್ಯಸ್ಥೆ. ಇಬ್ಬರೂ ಒಂದೇ ಸೂಕ್ಷ್ಮದರ್ಶಕಕ್ಕೆ ಜಗಳವಾಡುತ್ತಿದ್ದರು. ನಾನು ಬಾಗಿಲಿಂದಲೇ ಕೂಗಿದೆ. ನಿನ್ನ ಮಗಳು ತಲೆ ಎತ್ತದೆ, "ಅಯ್ಯೋ ಚಿಕ್ಕಮ್ಮ, ಎರಡೇ ನಿಮಿಷ. ಬಸ್ಸಲ್ಲಿ ಎಲ್ರೂ ಕೂತ್ರಾ?" ಅಂದಳು.

ಕೆನ್ನೆಗೆ ಬಾರಿಸಬೇಕೆಂದು ಹೋದವಳು ತಬ್ಬಿಕೊಂಡು ಅತ್ತೆ. ಮುಖ್ಯಸ್ಥೆ ನನಗೆ ನೀರು ಕೊಟ್ಟರು. ಅಲ್ಲಿ ಕುಡಿಯುವ ನೀರನ್ನು ಎಲ್ಲಿಂದ ತರುತ್ತಾರೆಂದು ಕೇಳದೆ ಕುಡಿದೆ.

ಆದದ್ದು ಇಷ್ಟು. ಅಲ್ಲಿನ ಒಂದು ತೊಟ್ಟಿಯಲ್ಲಿ ಕೆಸರು ತಳಕ್ಕೆ ಇಳಿಯದೆ ವಾರದಿಂದ ತೇಲುತ್ತಿದೆ. ನೋಡುತ್ತಾ ಹಿಂದುಳಿದ ಇವಳು, ಅದು ನೂಲಿನಂತಹ ಒಂದು ಬ್ಯಾಕ್ಟೀರಿಯಾ ಹೆಚ್ಚಾದದ್ದರಿಂದ, ತೊಟ್ಟಿಗೆ ಊದುವ ಗಾಳಿ ಸಾಲುತ್ತಿಲ್ಲ ಎಂದಳಂತೆ. ಮುಖ್ಯಸ್ಥೆಯೂ ವಾರದಿಂದ ಅದನ್ನೇ ಹೇಳುತ್ತಿದ್ದರು, ಕೈಯಲ್ಲಿ ಮಾತಾಡುವ ಎಂಜಿನಿಯರ್ ಕಿವಿಗೆ ಹಾಕಿಕೊಂಡಿರಲಿಲ್ಲ. ಇಬ್ಬರೂ ಸೇರಿ ಸೂಕ್ಷ್ಮದರ್ಶಕದಲ್ಲಿ ಹಿಡಿದು ತೋರಿಸಿದರು. ಎಂಜಿನಿಯರ್ ಎರಡೂ ಕೈ ಜೇಬಿಗೆ ಹಾಕಿಕೊಂಡನಂತೆ.

"ಇದೆಲ್ಲ ನಿಂಗೆ ಹೇಗೇ ಗೊತ್ತು?" ಎಂದು ಕೇಳಿದೆ. "ನಮ್ಮ ಹಾಸ್ಟೆಲ್ ಪಾಯಿಖಾನೆ ಗುಂಡಿ ಕೆಸರು ತಂದು ನೋಡಿದ್ದೆ. ಬೆಳಿಗ್ಗೆ ಬೆಳಿಗ್ಗೆ ಕಾಲೇಜು ಲ್ಯಾಬಲ್ಲಿ" ಅಂದಳು. ಬೆಳಿಗ್ಗೆ ಎಂದರೆ ನನ್ನ ಕ್ಲಾಸಿನ ಹೊತ್ತು. ನನ್ನ ಪಾಠ ಬಿಟ್ಟು ನನ್ನ ವಿಷಯವನ್ನೇ ಕಲಿತಿದ್ದಾಳೆ. ನಗಬೇಕೋ ಅಳಬೇಕೋ ನೀನೇ ಹೇಳು.

ಆ ಮುಖ್ಯಸ್ಥೆ ಇವಳನ್ನು ಮೂರು ತಿಂಗಳು ತರಬೇತಿಗೆ ಇಟ್ಟುಕೊಳ್ಳುತ್ತಾರಂತೆ. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ ಅದೇ ಲೆಕ್ಕಕ್ಕೆ ಬರುತ್ತದೆ. ಇರುವುದು ಅವರ ಮನೆಯಲ್ಲೇ. ನಿನ್ನೆ ಹೋಗಿ ನೋಡಿಬಂದೆ: ಕೋಣೆಗೆ ಒಳಗಿನಿಂದ ಚಿಲಕವಿದೆ, ಕಿಟಕಿ ಬೀದಿಗಿದೆ, ಮನೆಯಲ್ಲಿ ವಾಸನೆ ಇಲ್ಲ.

ನಿನ್ನ ಆಸೆ ನನಗೆ ಗೊತ್ತು. ಅವಳು ಫ್ಯಾನಿನ ಕೆಳಗೆ ಕೂತು ಚಂದದ ಮನೆಗಳ ನಕ್ಷೆ ಬರೆಯಬೇಕು. "ಕೊಳಚೆ ಕಲಸೋಕಾ ಓದಿಸಿದ್ದು?" ಎಂದು ನೀನು ಕೇಳುತ್ತೀ. ಅಕ್ಕಾ, ಚಂದದ ಮನೆಯಿಂದಲೂ ಒಂದು ಕೊಳವೆ ಹೊರಗೆ ಹೋಗುತ್ತದೆ. ಅದರ ಆಚೆ ತುದಿಯಲ್ಲಿ ಯಾರಾದರೂ ತಿಳಿದವರು ಇರಬೇಕು. ಸೋಮವಾರ ಆ ಕೋಟಿನಲ್ಲಿ ನಿಂತಿದ್ದ ಹುಡುಗಿಯ ಮುಖದ ಕಳೆಯನ್ನು ನಾನು ನನ್ನ ಕ್ಲಾಸಿನಲ್ಲಿ ಒಂದು ದಿನವೂ ಕಂಡಿರಲಿಲ್ಲ. ಕಾಣಲು ಅವಳು ಅಲ್ಲಿರಲಿಲ್ಲ ಎನ್ನುವುದು ಬೇರೆ ಮಾತು.

ಒಪ್ಪಿಕೋ. ನನ್ನ ಮೇಲಿನ ಸಿಟ್ಟನ್ನು ಅವಳ ಮೇಲೆ ತೀರಿಸಬೇಡ. ಇಷ್ಟು ಹೊತ್ತು ನಾನು ನಿನಗೆ ಸುಳ್ಳು ಬರೆದಿಲ್ಲ, ಒಂದು ಮಾತು ಮಾತ್ರ ಬಿಟ್ಟಿದ್ದೇನೆ.

ನಿನ್ನ ಬೈಗುಳಕ್ಕೆ ಸಿದ್ಧಳಾಗಿರುವ,
ತಂಗಿ

ತಾ.ಕ. ಬಿಟ್ಟ ಮಾತು ಇದು: ಪೋಷಕರ ಸಹಿಯಿದ್ದ ಒಪ್ಪಿಗೆ ಪತ್ರ ನಿನ್ನೆ ಸಂಜೆ ನಾಲ್ಕರೊಳಗೆ ಇಲ್ಲಿಗೆ ತಲುಪಬೇಕಿತ್ತು. ಮೂರೂವರೆಗೇ ತಲುಪಿದೆ. ಸಹಿ ನನ್ನದಲ್ಲ, ಭಾವನದು. "ನಾನು ಹಾಕ್ತೀನಮ್ಮ, ಆದ್ರೆ ನಿಮ್ಮಕ್ಕನಿಗೆ ನೀನೇ ಹೇಳ್ಬೇಕು" ಅಂದರು. ಈಗ ನಿನ್ನ ಎದುರಿಗೇ ಪೇಪರ್ ಅಗಲಿಸಿಕೊಂಡು ಕೂತಿರಬೇಕು. ಹತ್ತು ನಿಮಿಷದಿಂದ ಹಾಳೆ ತಿರುವಿದ ಸದ್ದು ಬಂದಿಲ್ಲ ಅಲ್ಲವೇ?