ಬೇವಿನ ಮರದ ತಂತಿ ಮತ್ತು ಕುಲಸುಮಬೀಯವರ ಅರ್ಧ ವಾಕ್ಯ

ಔರಾದ, 22 ಆಗಸ್ಟ್ 2024, ಗುರುವಾರ

ವಿದ್ಯುತ್ ಕಳವು ತಡೆ ಜಾಗೃತ ದಳದ ಮೇಲಧಿಕಾರಿಗಳಿಗೆ, ಬೀದರ

ಮಾನ್ಯರೇ,

ಜುಲೈ 28ರ ಭಾನುವಾರ ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನು ಔರಾದಿನಿಂದ ಮೂರು ಕಿಲೋಮೀಟರ್ ದೂರದ ಉದ್ದಿನ ಹೊಲದ ಬದುವಿನಲ್ಲಿ, ಒಂದು ಬೇವಿನ ಮರದ ಕೆಳಗೆ ಕುಳಿತಿದ್ದೆ. ತಮ್ಮ ದಳದವರು ಅಲ್ಲಿಗೆ ಬಂದು, ವಿದ್ಯುತ್ ಕದಿಯುತ್ತಿದ್ದೇನೆಂದು ನನ್ನನ್ನು ಹಿಡಿದರು. ಒಂದು ಸಣ್ಣ ರೇಡಿಯೋ ಯಂತ್ರ, ಅದನ್ನು ಬಡಿಯುವ ಕೀ, ಬೆಳೆಗೆ ಔಷಧ ಹೊಡೆಯುವ ಪಂಪಿನ ಬ್ಯಾಟರಿ ಮತ್ತು ಮೂರು ಮೀಟರ್ ತಂತಿಯನ್ನು ಜಪ್ತಿ ಮಾಡಿದರು. ಉಳಿದ ಹದಿನೇಳು ಮೀಟರ್ ತಂತಿ ಮರದ ಮೇಲಿತ್ತು. ಮರ ಹತ್ತುವವರು ದಳದಲ್ಲಿ ಯಾರೂ ಇರಲಿಲ್ಲವಾದ್ದರಿಂದ ಆ ಭಾಗ ನಿರಪರಾಧಿಯಾಗಿ ಉಳಿಯಿತು.

ಇದಾಗಿ ಇಪ್ಪತ್ತೈದು ದಿನ. ಅಷ್ಟೂ ದಿನದಿಂದ ಭಾತಂಬ್ರಾದಲ್ಲಿ ಎಪ್ಪತ್ತೊಂದು ವರ್ಷದ ಒಬ್ಬ ಹೆಂಗಸು ನನಗೆ ಹೇಳಿದ ಒಂದು ಮಾತಿಗೆ ಉತ್ತರಕ್ಕಾಗಿ ಕಾಯುತ್ತಿದ್ದಾರೆ. ಈ ಪತ್ರ ನನ್ನ ಯಂತ್ರದ ಕುರಿತದ್ದು ಎಂದು ತಮಗೆ ತೋರಬಹುದು. ಅದು ಅವರ ಮಾತಿನ ಕುರಿತದ್ದು.

ಆದರೂ ಯಂತ್ರದ ಪರಿಚಯ ಮೊದಲು ಆಗಬೇಕು, ಏಕೆಂದರೆ ತಮ್ಮ ಪಂಚನಾಮೆಯಲ್ಲಿ ಅದು ‘ಕಪ್ಪು ಡಬ್ಬಿ, ಒಂದು’ ಎಂದಷ್ಟೇ ಇದೆ. ಬಿಸ್ಕತ್ತಿನ ಪೊಟ್ಟಣದಷ್ಟು ದೊಡ್ಡದು. ಅದರಲ್ಲಿ ಮಾತಾಡಲು ಬರುವುದಿಲ್ಲ. ಹಿಂದೆ ತಂತಿ ಕಚೇರಿಗಳಲ್ಲಿ ಬಡಿಯುತ್ತಿದ್ದ ಮೋರ್ಸ್ ಸಂಕೇತವನ್ನು, ಅಂದರೆ ಗಿಡ್ಡ ಸದ್ದು ಮತ್ತು ಉದ್ದ ಸದ್ದನ್ನು, ಗಾಳಿಯಲ್ಲಿ ಕಳಿಸುತ್ತದೆ ಮತ್ತು ಕೇಳಿಸುತ್ತದೆ. ಇದಕ್ಕೆ ಕೇಂದ್ರ ಸರ್ಕಾರದ ಹವ್ಯಾಸಿ ರೇಡಿಯೋ ಪರವಾನಗಿ ಬೇಕು, ನನಗಿದೆ. ಅದರ ಶಕ್ತಿ ಐದು ವ್ಯಾಟ್. ಮರದ ಮೇಲಿನ ತಂತಿ ಅದರ ಆಂಟೆನಾ. ಬ್ಯಾಟರಿಯನ್ನು ನಾನು ಮಾಳಿಗೆಯ ಮೇಲಿನ ಚಿಕ್ಕ ಸೌರಫಲಕದಿಂದ ತುಂಬಿಸಿಕೊಳ್ಳುತ್ತೇನೆ. ವಾರಕ್ಕೊಂದು ಗಂಟೆಯಂತೆ ನಡೆಸಿದರೆ, ತಾವು ಒಂದು ಯೂನಿಟ್ ಎಂದು ಕರೆಯುವ ವಿದ್ಯುತ್ತಿನಲ್ಲಿ ಇದು ಸುಮಾರು ನಾಲ್ಕು ವರ್ಷ ನಡೆಯುತ್ತದೆ. ನಾನು ಕಳ್ಳನಾಗಿದ್ದರೂ ಬಹಳ ತಾಳ್ಮೆಯ ಕಳ್ಳನಾಗಿರಬೇಕಿತ್ತು.

ಮನೆ ಬಿಟ್ಟು ಹೊಲಕ್ಕೆ ಏಕೆ ಹೋಗಿದ್ದೆ ಎಂದು ದಳದವರು ಕೇಳಿದರು. ಪ್ರಶ್ನೆ ಸರಿಯಾಗಿಯೇ ಇತ್ತು. ನನ್ನ ಮನೆಯ ಎದುರು ತಮ್ಮ ಟ್ರಾನ್ಸ್‌ಫಾರ್ಮರ್ ಇದೆ. ಅದರಿಂದ ನನ್ನ ಯಂತ್ರದಲ್ಲಿ ಹಗಲೂ ರಾತ್ರಿ ಎಣ್ಣೆಯಲ್ಲಿ ಮಿರ್ಚಿ ಕರಿದಂತೆ ಸದ್ದು ಬರುತ್ತದೆ. ದೂರದ ಸಣ್ಣ ಸಂಕೇತ ಅದರಲ್ಲಿ ಮುಳುಗಿಹೋಗುತ್ತದೆ. ತಮ್ಮ ವಿದ್ಯುತ್ತು ಇಲ್ಲದ ಜಾಗವನ್ನು ಹುಡುಕಿಕೊಂಡೇ ನಾನು ಪ್ರತಿ ಭಾನುವಾರ ಮೂರು ಕಿಲೋಮೀಟರ್ ನಡೆಯುತ್ತೇನೆ. ಯಾವುದರಿಂದ ತಪ್ಪಿಸಿಕೊಳ್ಳಲು ಹೋದೆನೋ ಅದನ್ನೇ ಕದ್ದೆನೆಂದು ಹಿಡಿಯಲ್ಪಟ್ಟವನು ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ದಳದ ಮುಖ್ಯಸ್ಥರನ್ನು ನಾನು ದೂರುವುದಿಲ್ಲ. ನಮ್ಮ ಕಡೆ ತಂತಿ ಮೇಲಿಂದ ಇಳಿಬಿದ್ದಿದ್ದರೆ ಅದರ ತುದಿಯಲ್ಲಿ ಕೊಕ್ಕೆ ಇರುತ್ತದೆ, ಕೊಕ್ಕೆ ಕಂಬದ ಲೈನಿಗೆ ಸಿಕ್ಕಿಸಿರುತ್ತದೆ. ಅವರು ನೂರು ಸಲ ಅದನ್ನೇ ಕಂಡವರು. ನೂರಾ ಒಂದನೆಯ ಸಲ ಮರವೊಂದೇ ಇತ್ತು. ಹತ್ತಿರದ ಲೈನು ಅಲ್ಲಿಂದ ನೂರಾ ಮೂವತ್ತು ಹೆಜ್ಜೆ; ಆಮೇಲೆ ಅಳೆದಿದ್ದೇನೆ. ಕರೆಂಟು ಈ ತಂತಿಯಲ್ಲಿ ಯಾವ ಕಡೆ ಹೊರಟಿದೆ ಎಂದು ಅವರು ಕೇಳಿದರು. ಕೆಳಗಿನಿಂದ ಮೇಲಕ್ಕೆ ಎಂದೆ. ನನಗೆ ಔರಾದಿನಲ್ಲಿ ಟೈಪಿಂಗ್ ಮತ್ತು ಝೆರಾಕ್ಸ್ ಅಂಗಡಿ ಇರುವುದರಿಂದ ಎಲ್ಲರೂ ಮಾಸ್ತರ ಎನ್ನುತ್ತಾರೆ. ಅವರೂ ಹಾಗೇ ಕರೆದರು.

“ಮಾಸ್ತರ, ಕರೆಂಟ್ ಮ್ಯಾಲಿಂದ ಕೆಳಗ ಬರ್ತದ್ರಿ. ಕೆಳಗಿಂದ ಮ್ಯಾಲ ಹೋಗೂದು ಹದಿನೆಂಟ ವರ್ಷದ ನೌಕರ್ಯಾಗ ನಾ ನೋಡಿಲ್ಲ.”

ಬ್ಯಾಟರಿ ಕಿತ್ತು ತೋರಿಸಿದೆ. ಯಂತ್ರದ ದೀಪ ಆರಿತು. ಮತ್ತೆ ಸಿಕ್ಕಿಸಿದೆ, ಹೊತ್ತಿತು. ಬ್ಯಾಟರಿ “ತೋರ್ಸಲಾಕ ಇಟ್ಟೀರಿ” ಎಂದರು. ಪರವಾನಗಿ ತೆಗೆದು ಕೊಟ್ಟೆ. ಎರಡೂ ಬದಿ ನೋಡಿ, ಇದು ದಿಲ್ಲಿ ಕಾಗದ, ಕಂಬ ನಮ್ಮದು ಎಂದರು. ಆ ಮೇಲೆ ಯಂತ್ರದ ಶಕ್ತಿ ಎಷ್ಟೆಂದು ಕೇಳಿದರು. ಐದು ಎಂದೆ, ವ್ಯಾಟ್ ಎಂದೂ ಹೇಳಿದೆ. ತಮ್ಮ ನಮೂನೆಯಲ್ಲಿ ಪಂಪು, ಗಿರಣಿ ಮತ್ತು ಮನೆ ಎಂದು ಮೂರೇ ಕಲಂ ಇವೆಯಂತೆ. ಗಿರಣಿ ಎನ್ನಲು ಹಿಟ್ಟು ಕಾಣಲಿಲ್ಲ, ಮನೆ ಎನ್ನಲು ಗೋಡೆ ಕಾಣಲಿಲ್ಲ. ಹೀಗಾಗಿ ನಾನು ‘ಪಂಪ್‌ಸೆಟ್, ಐದು ಅಶ್ವಶಕ್ತಿ’ ಆದೆ. ಇದು ವಾಸ್ತವದ ಏಳುನೂರ ನಲವತ್ತಾರು ಪಟ್ಟು. ಆ ಹೊಲದಲ್ಲಿ ಬಾವಿಯಿಲ್ಲ, ಬೋರಿಲ್ಲ. ಪಂಪು ಯಾವ ನೀರು ಎತ್ತುತ್ತಿತ್ತು ಎಂಬ ಕಲಂ ನಮೂನೆಯಲ್ಲಿಲ್ಲ.

ಇಷ್ಟನ್ನೂ ನಾನು ಸಹಿಸಬಲ್ಲೆ. ಸಹಿಸಲಾಗದಿರುವುದು ಇದಕ್ಕೂ ಒಂದು ನಿಮಿಷ ಮುಂಚೆ ನಡೆದದ್ದು.

ಅವರು ಬಂದಾಗ ನಾನು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಭಾತಂಬ್ರಾದಿಂದ ಬರುತ್ತಿದ್ದ ಸಂಕೇತವನ್ನು ಬರೆದುಕೊಳ್ಳುತ್ತಿದ್ದೆ. ಒಂದು ನಿಮಿಷ ಎಂದು ಎಡಗೈ ಎತ್ತಿದೆ. ದಳದ ಲೈನ್‌ಮನ್ ಸುರಕ್ಷತೆಯ ಎಲ್ಲ ನಿಯಮ ಪಾಲಿಸಿದ. ರಬ್ಬರಿನ ಕೈಗವಸು ಹಾಕಿಕೊಂಡ, ಒಣ ಹಲಗೆಯ ಮೇಲೆ ನಿಂತ, ಕೈಗೆ ಎಟುಕುವಷ್ಟು ಎತ್ತರದಲ್ಲಿ ತಂತಿಯನ್ನು ಪಕ್ಕಡದಿಂದ ಕತ್ತರಿಸಿದ. ಆ ಕ್ಷಣ ಆ ತಂತಿಯಲ್ಲಿದ್ದದ್ದು ಒಂದು ವೋಲ್ಟಿನ ಹತ್ತು ಲಕ್ಷದಲ್ಲಿ ಕೆಲವು ಪಾಲು. ಅಷ್ಟು ವಿದ್ಯುತ್ತೂ ಕುಲಸುಮಬೀಯವರದು.

ಭಾತಂಬ್ರಾದ ಆ ಹೆಂಗಸು, ಕುಲಸುಮಬೀ, ಮೂವತ್ತೊಂದು ವರ್ಷ ತಂತಿ ಇಲಾಖೆಯಲ್ಲಿದ್ದವರು. ಭಾಲ್ಕಿಯಲ್ಲಿ ಅವರು ಕೀ ಬಡಿಯುತ್ತಿದ್ದಾಗ ನಾನು ಎರಡು ವರ್ಷ ಹಂಗಾಮಿ ಸಿಪಾಯಿಯಾಗಿದ್ದೆ. ಬಂದ ತಂತಿಗಳನ್ನು ಸೈಕಲ್ ಮೇಲೆ ಮನೆ ಮನೆಗೆ ಮುಟ್ಟಿಸುವುದು ನನ್ನ ಕೆಲಸ. ಬಿಡುವಿನಲ್ಲಿ ಸಂಕೇತ ಕಲಿಸಿದವರು ಅವರು. ತಂತಿ ಸೇವೆ ಮುಚ್ಚಿದ ಮೇಲೆ ಇಬ್ಬರೂ ಹೈದರಾಬಾದಿಗೆ ಹೋಗಿ ಹವ್ಯಾಸಿ ರೇಡಿಯೋ ಪರೀಕ್ಷೆ ಬರೆದೆವು. ಎರಡು ಮಳೆಗಾಲ ಕುಳಿತು ಬೆಸುಗೆ ಹಾಕಿ ನಾನು ಇಂಥ ಯಂತ್ರ ಎರಡು ಜೋಡಿಸಿದೆ. ಒಂದು ತಮ್ಮ ಉಗ್ರಾಣದಲ್ಲಿದೆ, ಇನ್ನೊಂದು ಅವರ ಮಂಚದ ಪಕ್ಕದಲ್ಲಿದೆ. ಮೂರನೆಯದು ಔರಾದಿನಲ್ಲಾಗಲಿ ಭಾಲ್ಕಿಯಲ್ಲಾಗಲಿ ಕೊಳ್ಳಲು ಸಿಗುವುದಿಲ್ಲ.

ಒಂಬತ್ತು ವರ್ಷದಿಂದ ಅವರಿಗೆ ಕಿವಿಯ ಹತ್ತಿರ ಕೂಗಿದರಷ್ಟೇ ಕೇಳುತ್ತದೆ. ಫೋನಿನ ಅಕ್ಷರ ಹಿಡಿಯುವಷ್ಟು ಕಣ್ಣೂ ಇಲ್ಲ. ಯಂತ್ರದ ಸ್ಪೀಕರಿನ ಮುಚ್ಚಳ ತೆಗೆಸಿ, ಅದರ ಪರದೆಯ ಮೇಲೆ ತೋರುಬೆರಳು ಇಟ್ಟು, ಅದು ನಡುಗುವುದರಲ್ಲೇ ನನ್ನ ಮಾತನ್ನು ಓದುತ್ತಾರೆ. ಅವರಿಗೆ ಬಾಯಿ ಚೆನ್ನಾಗಿದೆ. ಆದರೆ ತಮ್ಮ ದನಿ ತಮಗೇ ಕೇಳದ್ದರಿಂದ ಅವರು ಆಡಿದ್ದು ಓಣಿಯ ಕೊನೆಯ ಮನೆಗೂ ಕೇಳುತ್ತದೆ. ಅವರೊಂದಿಗೆ ಎಲ್ಲರೂ ಕೂಗಿ ಮಾತಾಡುತ್ತಾರೆ. ಅವರೂ ಎಲ್ಲರೊಂದಿಗೆ ಕೂಗಿಯೇ ಮಾತಾಡುತ್ತಾರೆ. ಗುಟ್ಟಿನ ದನಿ ಎಂಬುದು ಅವರಿಗೆ ಕೀ ಒಂದರಲ್ಲೇ ಉಳಿದಿದೆ. ಏಳು ಮೆಗಾಹರ್ಟ್ಸಿನಲ್ಲಿ ಅವರು ಹೇಳುವುದನ್ನು ಸಂಕೇತ ಬಲ್ಲ ಯಾರಾದರೂ ಕೇಳಬಹುದು. ಭಾತಂಬ್ರಾದಲ್ಲಿ ಮಾತ್ರ ಯಾರೂ ಕೇಳಲಾರರು. ಅವರಿಗೆ ಅಷ್ಟು ಸಾಕು.

ಆ ಭಾನುವಾರ ಅವರು ಮಳೆ, ಮೊಣಕಾಲು, ತಮ್ಮನ ಮಗ ಅಖೀಲನ ಹೊಸ ಅಂಗಡಿ ಎಲ್ಲ ಮುಗಿಸಿದರು. ಆಮೇಲೆ ನಿಧಾನವಾಗಿ, ತರಬೇತಿಯ ದಿನಗಳಲ್ಲಿ ನನಗಾಗಿ ಬಡಿಯುತ್ತಿದ್ದಷ್ಟು ನಿಧಾನವಾಗಿ, ಬಡಿದರು. ನನ್ನ ಪುಸ್ತಕದಲ್ಲಿ ಬರೆದದ್ದು ಇಷ್ಟು: ‘ಈ ಮಾತು ನಲವತ್ತು ವರ್ಷದಿಂದ ಯಾರಿಗೂ ಹೇಳಿಲ್ಲ. ನಾನು’. ಪಕ್ಕಡ ಬಿದ್ದದ್ದು ಅಲ್ಲಿ.

ತಮಗೆ ತಂತಿಯವರ ಒಂದು ರೀತಿ ತಿಳಿದಿರಲಿಕ್ಕಿಲ್ಲ. ಸಂದೇಶ ಕಳಿಸಿದವರು, ಆ ತುದಿಯಿಂದ ‘ಮುಟ್ಟಿತು’ ಎಂಬ ಸಂಕೇತ ಬರುವವರೆಗೆ ಕೀ ಬಿಟ್ಟು ಏಳುವಂತಿಲ್ಲ. ಮುಟ್ಟಿತೆಂದು ತಿಳಿಯದ ಮಾತು ಹೇಳಿದ ಮಾತಲ್ಲ. ಕತ್ತರಿಸಿದ್ದು ನನ್ನ ತುದಿಯ ತಂತಿ. ಅವರ ತುದಿಯಲ್ಲಿ ಏನೂ ಆಗಿರಲಿಲ್ಲ. ಅವರು ವಾಕ್ಯವನ್ನು ಪೂರ್ತಿ ಹೇಳಿ ಮುಗಿಸಿ, ಇನ್ನು ನೀನು ಹೇಳು ಎಂಬ ಸಂಕೇತ ಕೊಟ್ಟು, ಪರದೆಯ ಮೇಲೆ ಬೆರಳಿಟ್ಟು ಕುಳಿತರು. ಬೆರಳಿನ ಕೆಳಗೆ ಏನೂ ಅಲುಗಲಿಲ್ಲ. ಏಳು ಗಂಟೆಗೆ ಅಖೀಲನ ಮಗಳು ಸಾಯಿಮಾ ನನಗೆ ಫೋನ್ ಮಾಡಿ, ದಾದಿ, ಎಂದರೆ ಅವಳ ಅಜ್ಜಿ, ಇನ್ನೂ ಎದ್ದಿಲ್ಲ, ಚಹಾ ಕೂಡ ಕುಡಿದಿಲ್ಲ ಎಂದಳು. ತಂತಿ ಕತ್ತರಿಸಿದ್ದಾರೆಂದು ಹೇಳು ಎಂದೆ. ಅವಳು ಕಿವಿಯಲ್ಲಿ ಕೂಗಿದ್ದು ನನಗೂ ಕೇಳಿಸಿತು. ಅದಕ್ಕೆ ಕುಲಸುಮಬೀ ಹೇಳಿದ್ದು ಇನ್ನೂ ಚೆನ್ನಾಗಿ ಕೇಳಿಸಿತು.

“ಲೈನ್ ಖರಾಬ್ ಅದ ಅಂತ ನಾವೇ ಎಷ್ಟ ಮಂದಿಗಿ ಹೇಳಿಲ್ಲ. ಜವಾಬ್ ಕೊಡ್ಲಾಕ ಮನಸಿಲ್ಲದವರು ಹಂಗೇ ಅಂತಾರ.”

ನಲವತ್ತು ವರ್ಷ ಕಾಪಾಡಿದ ಮಾತನ್ನು ಕೊನೆಗೂ ಒಬ್ಬನಿಗೆ ಹೇಳಿದೆ, ಅವನು ಕೇಳಿ ಸುಮ್ಮನಾದ ಎಂದು ಅವರು ತಿಳಿದಿದ್ದರು. ಒಂದು ವಾರ ಹಾಗೆಯೇ ತಿಳಿದಿದ್ದರು. ತಮ್ಮ ಪಂಚನಾಮೆಯಲ್ಲಿ ಇದಕ್ಕೂ ಕಲಂ ಇಲ್ಲ.

ಆಗಸ್ಟ್ 4ರಂದು ನಾನು ಬೇವಿನ ಮರ ಹತ್ತಿ, ದಳದವರು ಬಿಟ್ಟುಹೋದ ತಂತಿಯನ್ನು ಬಿಡಿಸಿಕೊಂಡು ಬಸ್ಸಿನಲ್ಲಿ ಭಾತಂಬ್ರಾಕ್ಕೆ ಹೋದೆ. ಅವರು ನನ್ನ ಕಡೆ ನೋಡಲಿಲ್ಲ. ತಂತಿಯ ತುದಿಯನ್ನು ಅವರ ಕೈಗೆ ಕೊಟ್ಟೆ. ಹೆಬ್ಬೆರಳಿನಿಂದ ಎರಡು ಸಲ ಸವರಿದರು.

“ಪಕ್ಕಡದ್ದು,” ಎಂದರು. ಆಮೇಲೆ ತಂತಿಯವರು ಮಾತ್ರ ಕೇಳುವ ಪ್ರಶ್ನೆ ಕೇಳಿದರು: “ಎಲ್ಲಿ ತನಕ ಬಂತು, ಬೇಟಾ?”

ಅವರ ಅಂಗೈ ಮೇಲೆ ಕೊನೆಯ ಪದವನ್ನು ಬೆರಳಿನಿಂದ ಬಡಿದೆ. ‘ನಾನು.’ ಅವರಿಗೆ ನಗು ಬಂತು. ಆ ಮುಂದೆ ಏನು, ಈಗ ಇಲ್ಲೇ ನನ್ನ ಕೈ ಮೇಲೆ ಬಡಿದು ಹೇಳಬಹುದಲ್ಲ ಎಂದು ಅಂಗೈ ಮೇಲೆಯೇ ಬಡಿದು ಕೇಳಿದೆ. ಬೇಡವೆಂದು ತಲೆ ಆಡಿಸಿದರು.

“ಮಾರಿ ನೋಡ್ಕೋತ ಹೇಳೂ ಮಾತಲ್ಲ ಅದು. ಲೈನ್ ದುರಸ್ತಿ ಆಗ್ಲಿ. ‘ನಾನು’ದಿಂದ ಮುಂದ ಮತ್ತ ಕಳಿಸ್ತೇನಿ. ಲೈನ್‌ಮನ್ ಬರ್ತಾನ.”

ಅವರ ಕಾಲದಲ್ಲಿ ಲೈನ್‌ಮನ್ ಕಂಬದಿಂದ ಕಂಬಕ್ಕೆ ನಡೆದು ಹರಿದ ತಂತಿಯನ್ನು ಕೂಡಿಸುತ್ತಿದ್ದ. ಕತ್ತರಿಸಿದವನೇ ಲೈನ್‌ಮನ್ ಎಂದು ಅವರಿಗೆ ಹೇಳುವ ಧೈರ್ಯ ನನಗಾಗಲಿಲ್ಲ. ಆ ಕೆಲಸವನ್ನು ತಾವು ಮಾಡಬಹುದೇ?

ಅಂದಿನಿಂದ ನಾನು ತಮ್ಮ ಔರಾದ, ಭಾಲ್ಕಿ ಮತ್ತು ಬೀದರ ಕಚೇರಿಗಳಿಗೆ ಹೋಗಿಬರುತ್ತಿದ್ದೇನೆ. ಔರಾದಿನವರು ಜಪ್ತಿ ಬೀದರಿನವರದು ಎನ್ನುತ್ತಾರೆ. ಬೀದರಿನವರು ವಸ್ತು ಭಾಲ್ಕಿಯ ಉಗ್ರಾಣದಲ್ಲಿದೆ ಎನ್ನುತ್ತಾರೆ. ಭಾಲ್ಕಿಯ ಉಗ್ರಾಣದವರು ಐದು ಅಶ್ವಶಕ್ತಿಯ ಪಂಪು ತಮಗೆ ಬಂದೇ ಇಲ್ಲ, ಒಂದು ಕಪ್ಪು ಡಬ್ಬಿ ಮಾತ್ರ ಬಂದಿದೆ, ಅದು ಯಾರದೋ ಗೊತ್ತಿಲ್ಲ ಎನ್ನುತ್ತಾರೆ. ನಾನು ಬೇರೆ ದೇಶಗಳ ಕಾದಂಬರಿಗಳನ್ನು ಅನುವಾದದಲ್ಲಿ ಓದುವವನು. ಅವುಗಳಲ್ಲಿ ಕಚೇರಿಯಿಂದ ಕಚೇರಿಗೆ ಅಲೆಯುವವರನ್ನು ಕಂಡಾಗ, ಇದೇನೋ ಅನುವಾದಕರು ಎಡವಿದ್ದಾರೆ, ಮೂಲದಲ್ಲಿ ಇಷ್ಟು ಇರಲಿಕ್ಕಿಲ್ಲ ಎಂದುಕೊಳ್ಳುತ್ತಿದ್ದೆ. ಆ ಅನುವಾದಕರೆಲ್ಲರ ಕ್ಷಮೆ ಕೇಳುತ್ತೇನೆ.

ತಮ್ಮ ಬೀದರ ಕಚೇರಿಯಲ್ಲಿ ನನ್ನನ್ನು ಕೂಡಿಸಿ ನೀರು ಕೊಟ್ಟವರು ಗೌರವ ಎಂಬ ಗುಮಾಸ್ತರೊಬ್ಬರೇ. ಅವರ ಉಪದೇಶ ಸರಳವಾಗಿತ್ತು.

“ಕದ್ದೀನಿ ಅಂತ ರಾಜಿ ಅರ್ಜಿಗಿ ಸಹಿ ಮಾಡ್ರಿ, ಸಂಜಿಕೇ ಡಬ್ಬಿ ಒಯ್ರಿ. ಕದ್ದಿಲ್ಲ ಅಂದ್ರ ಅದು ಮುದ್ದೆಮಾಲು ಆಗಿ ಕೋರ್ಟಿಗಿ ಹೋಗ್ತದ್ರಿ. ಆ ಮುದುಕಿ ವಯಸ್ಸ ಎಷ್ಟಂದ್ರಿ?”

ಎಪ್ಪತ್ತೊಂದು ಎಂದೆ. ಅವರು ಅರ್ಜಿಯ ಎರಡು ಪ್ರತಿ ಕೊಟ್ಟರು. ಒಂದು ಕೆಟ್ಟರೆ ಇರಲಿ ಎಂದು.

ಮಾನ್ಯರೇ, ನಾನು ಕ್ಷಮಾಪಣೆ ಕೇಳುತ್ತಿಲ್ಲ, ಪರಿಹಾರವನ್ನೂ ಕೇಳುತ್ತಿಲ್ಲ. ದಳದವರ ಮೇಲೆ ಕ್ರಮವೂ ಬೇಡ. ಪಂಚನಾಮೆಯಲ್ಲಿ ‘ಪಂಪ್‌ಸೆಟ್’ ಎಂದಿರುವಲ್ಲಿ ‘ರೇಡಿಯೋ’ ಎಂದು ತಿದ್ದಬೇಕು. ಆ ಕಪ್ಪು ಡಬ್ಬಿಯನ್ನು ಅದರ ಕೀ ಮತ್ತು ಬ್ಯಾಟರಿ ಸಮೇತ ನಾಳೆ ಶುಕ್ರವಾರ, 23ನೇ ತಾರೀಕು ಸಂಜೆ ಐದು ಗಂಟೆಯೊಳಗೆ ನನಗೆ ಮರಳಿಸಬೇಕು. ಮೂರು ಮೀಟರ್ ತಂತಿಯನ್ನು ತಾವೇ ಇಟ್ಟುಕೊಳ್ಳಬಹುದು. ನಾನು ಹೋಗಿಬಂದ ಮೇಲಿನ ಎರಡು ಭಾನುವಾರವೂ ನಾಲ್ಕು ಗಂಟೆಗೆ ಕುಲಸುಮಬೀ ಬೆರಳಿಟ್ಟು ಕುಳಿತಿದ್ದಾರೆ. ಲೈನ್ ಯಾವಾಗ ದುರಸ್ತಿಯಾದೀತೋ ಯಾರಿಗೆ ಗೊತ್ತು ಎಂಬುದು ಅವರ ವಾದ. ಸಾಯಿಮಾ ಪ್ರತಿ ಸಲ ಎಷ್ಟು ಹೊತ್ತು ಎಂದು ತಿಳಿಸುತ್ತಾಳೆ. ಮೊನ್ನೆ ಹದಿನೆಂಟರಂದು ಎರಡು ಗಂಟೆ ಹತ್ತು ನಿಮಿಷ.

ಇಲ್ಲಿಯವರೆಗೆ ನಾನು ಸುಳ್ಳು ಕಾಗದಕ್ಕೆ ಸಹಿ ಹಾಕಿದವನಲ್ಲ. ನನ್ನ ಅಂಗಡಿಯಲ್ಲಿ ಬೇರೆಯವರ ಅರ್ಜಿಯಲ್ಲಿ ತಪ್ಪು ತಾರೀಕು ಕಂಡರೂ ಟೈಪು ಮಾಡದೆ ನಿಲ್ಲಿಸಿದವನು. ಶುಕ್ರವಾರ ಐದು ಗಂಟೆಗೆ ಯಂತ್ರ ಬಾರದಿದ್ದರೆ, ಐದು ಐದಕ್ಕೆ ತಮ್ಮ ಗುಮಾಸ್ತರ ಮೇಜಿನ ಮುಂದೆ, ಬಾವಿಯಿಲ್ಲದ ಹೊಲದಲ್ಲಿ ಐದು ಅಶ್ವಶಕ್ತಿಯ ಪಂಪು ನಡೆಸಿ ವಿದ್ಯುತ್ ಕದ್ದೆನೆಂದು ಒಪ್ಪಿಕೊಳ್ಳಲು ತೀರ್ಮಾನಿಸಿದ್ದೇನೆ. ಅರ್ಜಿಯನ್ನು ನಾನೇ ಟೈಪು ಮಾಡಿ ತುಂಬಿಸಿದ್ದೇನೆ, ಒಂದೂ ಅಕ್ಷರ ತಪ್ಪಿಲ್ಲ. ಸಹಿಯ ಜಾಗ ಖಾಲಿಯಿದೆ. ಅರ್ಜಿ ಮಡಚಿ ಜೇಬಿನಲ್ಲಿದೆ. ಅದೇ ಜೇಬಿನಲ್ಲಿ, ‘ನಾನು’ ಎಂಬಲ್ಲಿಗೆ ನಿಂತ ನನ್ನ ಪುಸ್ತಕವೂ ಇದೆ.

ಇಂತಿ,
ತಮ್ಮ ದಾಖಲೆಯಲ್ಲಿ ಐದು ಅಶ್ವಶಕ್ತಿಯ, ವಾಸ್ತವದಲ್ಲಿ ಐದು ವ್ಯಾಟಿನ,
ಶುಕ್ರವಾರದವರೆಗೆ ಮಾತ್ರ ನಿರಪರಾಧಿಯಾದ
ಓಂಪ್ರಕಾಶ, ಔರಾದ