ಸಮ್ಮೇದನ ಸೈಕಲ್ಲಿನ ಕಾಲು ಕಿಲೋ

ಸಮ್ಮೇದ,

ನಾ ಮೂಡಲಗಿಗೆ ಮದಿವಿಗೆ ಹೊಂಟೇನಿ. ನೀ ಇನ್ನೂ ಗೊರಕಿ ಹೊಡ್ಯಾಕತ್ತಿದ್ದಿ, ಅದಕ್ಕ ಈ ಚೀಟಿ ನಿನ್ನ ಹೆಲ್ಮೆಟ್ಟಿನಾಗ ಇಟ್ಟೇನಿ.

ಮದಲ ನಮ್ಮ ಅಂಗಡ್ಯಾಗಿನ ಬೆಲ್ಲ ತೂಗೂ ಕಾಟಾ ಒರಸು. ನಿನ್ನೆ ಅದರ ಮ್ಯಾಲೆ ರೇಸಿನ ಸೈಕಲ್ ನಿಂದರಿಸಿದವ ನೀನ, ಗಾಲಿ ಮಣ್ಣು ಇನ್ನೂ ಹಂಗ ಐತಿ. ಎಂಟು ಕಿಲೋ ಬಂತಂತ ಕುಣದಿ. ಗಂಟಿ ತಗದಿ, ಸ್ಟ್ಯಾಂಡ್ ತಗದಿ, ಅದು ಹೋಗ್ಲಿ. ಪಂಪು, ಹೆಚ್ಚಿನ ಟ್ಯೂಬು ಮತ್ತ ಯಾಕ ತಗದಿ? ಕಾಲು ಕಿಲೋ ಉಳಸಾಕ? ಕಿಸೇದಾಗ ಮಾತ್ರ ಅರ್ಧಾ ಕಿಲೋ ಕರದಂಟು!

ಹೋದ ಐತವಾರದ್ದು ಮರತಿಯೇನು? ಅವತ್ತೂ ಪಂಪು, ಟ್ಯೂಬು ಮನ್ಯಾಗ ಬಿಟ್ಟು ಹೋಗಿದ್ದಿ. ಕಣಗಲಾದ ಹಂತ್ಯಾಕ ಪಂಕ್ಚರ್ ಆತು, ಅಂಥಾ ಸಣ್ಣ ಟ್ಯೂಬ್ ಯಾವ ಅಂಗಡ್ಯಾಗೂ ಸಿಗಲಿಲ್ಲ. ಬಸ್ ಸಿಗೂ ತನಕ ಸೈಕಲ್ ಹೆಗಲ ಮ್ಯಾಲೆ ಹೊತಗೊಂಡು ನಡದಿ. ಹಗೂರ ಮಾಡಿದ್ದು ಅದಕ್ಕಾದ್ರೂ ಉಪಯೋಗ ಆತು ಬಿಡು. ನೀ ಮನಿ ಮುಟ್ಟೂದ್ರಾಗ ಹೊತ್ತು ಮುಳಗಿತ್ತು. ಹೊತ್ತು ಮುಳಗಿದ ಮ್ಯಾಲೆ ನಮ್ಮನ್ಯಾಗ ಯಾರೂ ಉಣ್ಣೂದಿಲ್ಲ, ನೀನೂ ಉಣ್ಣಲಿಲ್ಲ. ನಿನ್ನ ಹೊಟ್ಟ್ಯಾಗ ಕರದಂಟರ ಇತ್ತು. ನಿನ್ನ ಹಾದಿ ನೋಡಕೋತ ಕುಂತ ಎಂಬತ್ತರ ಆಯಿ ಏನೂ ತಿಂದಿರಲಿಲ್ಲ.

ಈಗ ಪಂಪು, ಟ್ಯೂಬು ಎರಡೂ ಸೀಟಿನ ಕೆಳಗ ಕಟ್ಟೇನಿ. ರೊಟ್ಟಿ ಬುಟ್ಟ್ಯಾಗ ಅದಾವ, ತಿಂದು ಹೋಗು. ಐದರೊಳಗ ಮನೀಗೆ ಬಾ. ಆಯಿ ಇವತ್ತೂ ನಿನ್ನ ಸಂಗಾಟನ ಉಣ್ಣತೇನಿ ಅಂದಾಳ.

ಕಾಲು ಕಿಲೋ ಇನ್ನೂ ಭಾರ ಅನಿಸಿದ್ರ, ಆಯಿ ಮುಂದ ನಿಂತು ಹಂಗಂತ ಹೇಳಿ, ಆಮ್ಯಾಲೆ ಬಿಚ್ಚು.

ನಿನ್ನ ಅಕ್ಕ,
ಭಕ್ತಿ